ಕಾಲಂ 9ರ ಮುಂದೆ ಒಂದು ಕ್ಲಾಸು

ಶಿಕಾರಿಪುರದ ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಫ್ಟ್‌ವೇರ್ ಎಂಜಿನಿಯರಿಂಗಿನ ಮೊದಲ ಪಾಠ ಪುಕ್ಕಟೆ ಸಿಗುತ್ತದೆ. ಹೋಬಳಿ ಯಾವುದು, ಊರು ಯಾವುದು, ಸರ್ವೆ ನಂಬರ್ ಎಷ್ಟು, ಹಿಸ್ಸಾ ಎಷ್ಟು? ಕಿಟಕಿಯ ಆಚೆಯಿಂದ ಬರುವ ಪ್ರಶ್ನೆಗಳು ಇಷ್ಟೇ. "ಕೆರೆ ಕೆಳಗಿನ ಗದ್ದೆ ಸಾರ್" ಎಂದರೆ ನಡೆಯದು. ಬರೀ 42 ಎಂದರೂ ನಡೆಯದು. ಉಡುಗಣಿ ಹೋಬಳಿಯಲ್ಲೂ ತಾಳಗುಂದ ಹೋಬಳಿಯಲ್ಲೂ ಊರೂರಿಗೆ ಒಂದೊಂದು 42 ಇದ್ದೀತು. ಒಂದು ವಸ್ತುವನ್ನು ಅಂಥದೇ ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದು ಹೇಗೆ? ಆಬ್ಜೆಕ್ಟ್ ಓರಿಯೆಂಟೆಡ್ ಅನಾಲಿಸಿಸ್ ಶುರುವಾಗುವುದೇ ಇಲ್ಲಿಂದ.

ಶಿಕಾರಿಪುರ ಮತ್ತು ಪಕ್ಕದ ಸೊರಬ, ಈ ಎರಡು ತಾಲ್ಲೂಕುಗಳ ಮಕ್ಕಳು ಇದನ್ನು ಓದಲು ಹೊರಡುವುದು ಬೇರೆ ಕಡೆಗೆ. ಬಿಇ ಎಂದರೆ ಶಿವಮೊಗ್ಗದಲ್ಲಿ 1980ರಿಂದ ಇರುವ ಜೆಎನ್‌ಎನ್‌ಸಿಇಯಂಥ ಕಾಲೇಜು, ಇಲ್ಲವೇ ದಾವಣಗೆರೆ, ಬೆಂಗಳೂರು. ಅಲ್ಲಿ ತಂತ್ರಾಂಶದ ವಿನ್ಯಾಸ ತೋರಿಸುವ ಯುಎಂಎಲ್ ಚಿತ್ರ ಬರೆಯುತ್ತಾರೆ. ಕೊನೆಗೆ ತಂಡ ಕಟ್ಟಿ ಮಾಡುವ ಪ್ರಾಜೆಕ್ಟ್ ಮಾತ್ರ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್.

ನಮ್ಮದೂ ಅದೇ ಆಗಿತ್ತು. ನಾಲ್ವರ ತಂಡ. ಒಬ್ಬ ಕೋಡ್ ಬರೆದ, ಒಬ್ಬಳು ರಿಪೋರ್ಟ್ ಟೈಪ್ ಮಾಡಿದಳು, ಇನ್ನೊಬ್ಬ ಬೈಂಡಿಂಗ್ ಮಾಡಿಸಿ ತಂದ. ನಾನು ಎಲ್ಲ ಮುಗಿದ ಮೇಲೆ ಕ್ಲಾಸ್ ಡಯಾಗ್ರಾಂ ಬರೆದೆ, ಗೃಹಪ್ರವೇಶ ಆದಮೇಲೆ ಮನೆಯ ನಕ್ಷೆ ಬರೆಸಿದ ಹಾಗೆ. ವೈವಾಕ್ಕೆ ಬಂದವರು ಒಂದೇ ಪ್ರಶ್ನೆ ಕೇಳಿದರು: "ಒಂದೇ ಪುಸ್ತಕದ ಐದು ಪ್ರತಿ ಇದ್ದರೆ?" ನಮ್ಮ ವ್ಯವಸ್ಥೆಯಲ್ಲಿ ಒಂದು ಪುಸ್ತಕಕ್ಕೆ ಒಂದೇ ಪ್ರತಿ. ಒಬ್ಬರು ಒಯ್ದರೆ ಉಳಿದ ನಾಲ್ಕೂ ಮಾಯ! ಗ್ರಂಥಾಲಯ ಲ್ಯಾಬಿನ ಪಕ್ಕದಲ್ಲೇ ಇತ್ತು. ಹೋಗಿ ಗ್ರಂಥಪಾಲಕರನ್ನು ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಆಮೇಲೆ ಪಹಣಿಯನ್ನು ನೋಡುವ ರೀತಿಯೇ ಬದಲಾಯಿತು. ಖಾಲಿ ಪಹಣಿ ನಮೂನೆ ಒಂದು ಕ್ಲಾಸ್, ಭರ್ತಿಯಾದ ಪ್ರತಿಯೊಂದು ಪಹಣಿಯೂ ಒಂದು ಆಬ್ಜೆಕ್ಟ್. ಅಷ್ಟಕ್ಕೇ ಬಿಟ್ಟರೆ ಅದು ಪಠ್ಯಪುಸ್ತಕದ ಮಾತು. 9ನೇ ಕಾಲಂ ಓದಿ: 'ಬಸಪ್ಪ ಬಿನ್ ಹನುಮಂತಪ್ಪ'. ಇದು ಒಬ್ಬ ಮನುಷ್ಯನೋ, ಜಮೀನಿಗೆ ಅಂಟಿಸಿದ ಬರಹವೋ? ಆಧಾರ್‌ನಲ್ಲಿ ಅವನೇ ಬಸವರಾಜಪ್ಪ, ಪಕ್ಕದೂರಿನ ಪಹಣಿಯಲ್ಲಿ ಎಚ್. ಬಸಪ್ಪ. ಯಂತ್ರದ ಲೆಕ್ಕದಲ್ಲಿ ಮೂವರು. ಪಹಣಿ ಜಮೀನನ್ನು ನಡುವೆ ಇಟ್ಟುಕೊಂಡು ಹುಟ್ಟಿದ ದಾಖಲೆ, ರೈತ ಅದರಲ್ಲಿ ಒಂದು ಕಾಲಂ ಮಾತ್ರ. ಅವನಿಗೇ ಒಂದು ನಂಬರ್ ಕೊಟ್ಟು, ಅವನ ಸರ್ವೆ ನಂಬರ್‌ಗಳನ್ನೆಲ್ಲ ಅದಕ್ಕೆ ಜೋಡಿಸಿದ್ದು ಬಹಳ ತಡವಾಗಿ, ಫ್ರೂಟ್ಸ್ ತಂತ್ರಾಂಶದಲ್ಲಿ. ಈಗ ಊರಲ್ಲಿ ಎಲ್ಲರ ಬಾಯಲ್ಲೂ ಇರುವ 'ಎಫ್‌ಐಡಿ' ಅದೇ. ಕಾಲಂ ಆಗಿದ್ದವನು ಆಬ್ಜೆಕ್ಟ್ ಆದ ಕಥೆ ಅದು.

2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಪಹಣಿ ಗಣಕೀಕರಣದ 'ಭೂಮಿ' ಯೋಜನೆ ಜಾರಿಯಾದಾಗ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. 15 ರೂಪಾಯಿಗೆ ಪಹಣಿ ಸಿಕ್ಕಿದ್ದೇ ಆಗ ದೊಡ್ಡ ಸುದ್ದಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಮ್ಯುಟೇಶನ್ ಅರ್ಜಿ ಮೊದಲು ಬಂದದ್ದು ಮೊದಲು ಇತ್ಯರ್ಥ ಆಗಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಿದ್ದು. ಗೋಡೆಗೆ ಅಂಟಿಸಿದ ಸುತ್ತೋಲೆಯನ್ನು ದಾಟಬಹುದು, ಕೋಡಿನೊಳಗಿನ ಸರದಿಯನ್ನು ದಾಟುವುದು ಸುಲಭವಲ್ಲ.

ಸರದಿಗೂ ಈ ವಿದ್ಯೆಗೂ ಹಳೆಯ ನಂಟು. ಕ್ಲಾಸ್, ಆಬ್ಜೆಕ್ಟ್‌ಗಳು ಮೊದಲು ಮೂಡಿದ್ದು ಸಿಮ್ಯುಲಾ 67 ಎಂಬ ಭಾಷೆಯಲ್ಲಿ. ಆಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನ ಡಾಲ್ ಮತ್ತು ನ್ಯೂಗಾರ್ಡ್ ಸಿಮ್ಯುಲಾ ಕಟ್ಟಲು ಹೊರಟದ್ದು ಇಂಥ ಸಾಲುಗಳನ್ನೂ ಕೌಂಟರುಗಳನ್ನೂ ಗಣಕದೊಳಗೆ ಅನುಕರಿಸಿ ನೋಡುವುದಕ್ಕೆ. ಬೂಚ್, ರಂಬಾ, ಜಾಕಬ್‌ಸನ್ ಮೂವರ ಚಿತ್ರಭಾಷೆಗಳು ಸೇರಿ ಹುಟ್ಟಿದ ಯುಎಂಎಲ್ 1997ರಲ್ಲಿ ಮಾನಕವಾಯಿತು. ನಮ್ಮ ತರಗತಿಗಳು ಹಿಡಿದುಕೊಂಡದ್ದು ಈ ಚಿತ್ರವನ್ನು. ಅದಕ್ಕೂ ಮೊದಲು, 1989ರಲ್ಲಿ, ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಕಲಿಸುವುದಕ್ಕೆಂದೇ ಕೊಟ್ಟ ಸರಳ ಸಾಧನ ಹಿಂದೆ ಉಳಿಯಿತು. ಅಂಗೈಯಗಲದ ರಟ್ಟಿನ ಕಾರ್ಡು: ಮೇಲೆ ಕ್ಲಾಸಿನ ಹೆಸರು, ಎಡಕ್ಕೆ ಅದರ ಹೊಣೆ, ಬಲಕ್ಕೆ ಅದಕ್ಕೆ ನೆರವಾಗುವವರು.

ಈ ಕಾರ್ಡನ್ನು ಪಹಣಿಯ ಮೇಲೆ ಆಡಿ ನೋಡಿ. ಒಬ್ಬಳ ಕೈಗೆ 'ಜಮೀನು', ಇನ್ನೊಬ್ಬನಿಗೆ 'ಖಾತೆದಾರ', ಮತ್ತೊಬ್ಬರಿಗೆ 'ಮ್ಯುಟೇಶನ್'. "ಸಾಲ ಇದೆಯಾ?" ಎಂದು ಬ್ಯಾಂಕು ಕೇಳಿದರೆ ಉತ್ತರಿಸಬೇಕಾದವರು ಯಾರು? ಖಾತೆದಾರ ಬಾಯಿ ತೆರೆಯುವ ಮೊದಲೇ ಜಮೀನಿನ ಕಾರ್ಡು 11ನೇ ಕಾಲಂ ತೋರಿಸಬೇಕು, ಋಣ ಬರೆದಿರುವುದು ಅಲ್ಲಿ. ಎರಡು ಎಕರೆಯಲ್ಲಿ ಹತ್ತು ಗುಂಟೆ ಮಾತ್ರ ಮಾರಿದರೆ? 11ಇ ನಕ್ಷೆ ಎಂಬ ಹೊಸ ಕಾರ್ಡು ಬೇಕು, ಆಮೇಲೆ ಪೋಡಿ. ಇದರಲ್ಲಿ ಒಂದು ಸಾಲೂ ಕೋಡ್ ಇಲ್ಲ. ಆದರೂ ಕಾರ್ಡು ಹಿಡಿದವರ ನಡುವೆ ಜಗಳ ಹತ್ತುತ್ತದೆ. ಆ ಜಗಳದ ಹೆಸರೇ ಡಿಸೈನ್.

ಇನ್‌ಹೆರಿಟೆನ್ಸ್ ಎಂಬ ಪದ ಮಾತ್ರ ನಮ್ಮ ಹುಡುಗರನ್ನು ದಾರಿ ತಪ್ಪಿಸುತ್ತದೆ. ಕ್ಲಾಸುಗಳ ಲೋಕದಲ್ಲಿ ಅಪ್ಪ ಬದುಕಿರುವಾಗಲೇ ಅವನದೆಲ್ಲ ಪ್ರತಿ ಮಗುವಿಗೂ ಪೂರ್ತಿ ಬರುತ್ತದೆ. ಪಾಲುಪಟ್ಟಿ ಇಲ್ಲ, ತಕರಾರು ಅರ್ಜಿ ಇಲ್ಲ. ಅಂಥ ಮನೆ ಮಲೆನಾಡಿನಲ್ಲಿ ನಾನು ಕಂಡಿಲ್ಲ. ಪದದ ಸರಿಯಾದ ಅರ್ಥ ಬೇಕಿದ್ದರೆ ಸೊರಬಕ್ಕೆ ಹೋಗಿ ಬಗರ್ ಹುಕುಂ ಅರ್ಜಿಗಳನ್ನು ನೋಡಬೇಕು. ನಮೂನೆ 50, 53, 57 ಮೂರೂ ಒಂದೇ ಬೇಡಿಕೆಯವು, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡಿಕೊಡಿ ಎಂಬುದು. ಅರ್ಜಿದಾರ, ವಿಸ್ತೀರ್ಣ, ಸರ್ವೆ ನಂಬರ್ ಎಲ್ಲಕ್ಕೂ ಸಮಾನ, ಕಾಲಾವಕಾಶ ಬೇರೆ ಬೇರೆ. 'ಅರ್ಜಿ' ತಾಯಿ, ಉಳಿದವು ಮಕ್ಕಳು. ಅರ್ಜಿಯ ದಾರಿಯನ್ನು ಚಿತ್ರವಾಗಿ ಬರೆಯುವುದೂ ಒಳ್ಳೆಯ ಕಸರತ್ತು: ಸಲ್ಲಿಕೆ, ಸ್ಥಳ ಪರಿಶೀಲನೆ, ಸಮಿತಿ, ಸಾಗುವಳಿ ಚೀಟಿ. ಪುಸ್ತಕದ ಚಿತ್ರದಲ್ಲಿ ಬಾಣ ಮುಂದಕ್ಕೇ ಹೋಗುತ್ತದೆ. ಆನವಟ್ಟಿ ಕಡೆಯ ಯಾರಾದರೂ ಹಿರಿಯ ಅರ್ಜಿದಾರರನ್ನು ಕೇಳಿದರೆ, ಬಾಣ ತಿರುಗಿ ಬರುವ ಜಾಗಗಳನ್ನೂ ಅಲ್ಲಾಡದೆ ನಿಲ್ಲುವ ಜಾಗಗಳನ್ನೂ ಬೆರಳಿಟ್ಟು ತೋರಿಸುತ್ತಾರೆ.

ತಂಡದ ವಿಷಯಕ್ಕೆ ಬಂದರೆ, ನಟ್ಟಿ ಗದ್ದೆ ಕಂಡವರಿಗೆ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ್ದು ವಿಚಿತ್ರ ಅನ್ನಿಸುತ್ತದೆ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ. ಮುಯ್ಯಾಳು ನಾಲ್ಕು ಹೆಚ್ಚು ಬಂದರೆ ನಟ್ಟಿ ಬೇಗ ಮುಗಿಯುವುದಿಲ್ಲವೇ? ಮುಗಿಯುತ್ತದೆ, ಏಕೆಂದರೆ ಅಲ್ಲಿ ಒಬ್ಬರ ಸಾಲನ್ನು ಇನ್ನೊಬ್ಬರಿಗೆ ವಿವರಿಸಬೇಕಾಗಿಲ್ಲ. ತಂತ್ರಾಂಶದಲ್ಲಿ ಹೊಸಬರು ಬಂದರೆ ಹಳಬರು ಕೆಲಸ ಬಿಟ್ಟು ಹೇಳಿಕೊಡಲು ಕೂರಬೇಕು. ನಾಲ್ವರಿಗೆ ಆರು ಜೋಡಿ ಮಾತು, ಎಂಟು ಜನರಿಗೆ ಇಪ್ಪತ್ತೆಂಟು. ನಮ್ಮ ತಂಡದಲ್ಲಿ ಆ ಆರರಲ್ಲಿ ಎರಡೂ ನಡೆದಿರಲಿಲ್ಲ.

ಕಾರ್ಡಿನ ಆಟಕ್ಕೆ ಮತ್ತೆ ಬರೋಣ. 9ನೇ ಕಾಲಂನಲ್ಲಿ ಜಂಟಿ ಖಾತೆ, ಮೂವರ ಹೆಸರು. ಅವರಲ್ಲಿ ಒಬ್ಬರು ತೀರಿಕೊಂಡು ವರ್ಷಗಳಾಗಿವೆ, ಪೌತಿ ಖಾತೆ ಆಗಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮೇಜಿನ ಸುತ್ತ ಕೂತವರು ನಾಲ್ವರು. ಆ ಕಾರ್ಡನ್ನು ಯಾರು ಹಿಡಿಯಬೇಕು?