ಕೆಲಸ ಹೋದ ಊರಿನ ನಡಿಗೆ

ವಿಯೆನ್ನಾ ಸಮೀಪದ ಮರಿಯೆಂತಾಲ್ ಒಂದೇ ಗಿರಣಿಯನ್ನು ನೆಚ್ಚಿಕೊಂಡಿದ್ದ ಊರು. ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ ಗಿರಣಿ ಬಾಗಿಲು ಹಾಕಿತು. ಮುಕ್ಕಾಲು ಪಾಲು ಮನೆಗಳಲ್ಲಿ ಯಾರಿಗೂ ಕೆಲಸವಿಲ್ಲದಂತಾಯಿತು. ಸಂಶೋಧಕರಾದ ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತು ಸಂಗಡಿಗರು ಅಲ್ಲಿಗೆ ಹೋದದ್ದು 1931ರ ಕೊನೆಗೆ. ಅವರು ಮೊದಲು ಕಾರ್ಮಿಕರ ಬಿಡುವಿನ ವೇಳೆಯನ್ನು ಅಧ್ಯಯನ ಮಾಡಬೇಕೆಂದಿದ್ದರು. ಇಷ್ಟು ಜನ ಕೆಲಸವಿಲ್ಲದೆ ಕೂತಿರುವಾಗ ನೋಡಬೇಕಾದದ್ದು ನಿರುದ್ಯೋಗವನ್ನು ಎಂದು ತಿದ್ದಿದವರು ಸಮಾಜವಾದಿ ನಾಯಕ ಒಟ್ಟೋ ಬಾವರ್.

ತಂಡದವರು ತಲೆ ಎಣಿಸಿ ಹಿಂತಿರುಗಲಿಲ್ಲ. ಕಿಟಕಿಯ ಮರೆಯಲ್ಲಿ ಗಡಿಯಾರ ಹಿಡಿದು ಕೂತು ಬೀದಿಯಲ್ಲಿ ಹೋಗುವವರ ನಡಿಗೆಯನ್ನು ಅಳೆದರು. ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಗಂಡಸರಲ್ಲಿ ಮೂರನೇ ಎರಡು ಪಾಲು ಜನ ಎರಡು ಸಲವಾದರೂ ನಿಂತುಬಿಡುತ್ತಿದ್ದರು. ಹೆಂಗಸರ ಹೆಜ್ಜೆ ಚುರುಕಾಗಿತ್ತು. ಒಲೆ, ಬಟ್ಟೆ, ಮಕ್ಕಳ ಕೆಲಸ ಗಿರಣಿಯ ಜೊತೆ ನಿಂತಿರಲಿಲ್ಲವಲ್ಲ. ಓದಲು ದಿನವಿಡೀ ಪುರಸೊತ್ತಿತ್ತು, ಗ್ರಂಥಾಲಯ ಶುಲ್ಕವನ್ನೂ ತೆಗೆದುಹಾಕಿತ್ತು. ಆದರೂ ಜನ ಒಯ್ಯುವ ಪುಸ್ತಕಗಳ ಸಂಖ್ಯೆ ಎರಡೇ ವರ್ಷದಲ್ಲಿ ಅರ್ಧಕ್ಕಿಳಿಯಿತು.

1933ರಲ್ಲಿ ಹೊರಬಂದ ಈ ಅಧ್ಯಯನವನ್ನು ಮಾಡಿದವರಲ್ಲಿ ಯಹೋಡಾ ಮನಃಶಾಸ್ತ್ರದವರು, ಲಾಜರ್ಸ್‌ಫೆಲ್ಡ್ ಗಣಿತ ಓದಿದವರು, ಝೈಸೆಲ್ ಕಾನೂನಿನವರು. ಈ ಮೂವರಲ್ಲಿ ಅರ್ಥಶಾಸ್ತ್ರದವರು ಒಬ್ಬರೂ ಇಲ್ಲ. ನನ್ನನ್ನು ಕಾಡುವುದು ಇದೇ. ಅರ್ಥಶಾಸ್ತ್ರ ಕೈಕಟ್ಟಿ ಕೂತಿತ್ತೆಂದಲ್ಲ. ಕೇನ್ಸ್ 1936ರಲ್ಲಿ ನಿರುದ್ಯೋಗವನ್ನೇ ನಡುಮನೆಗೆ ತಂದರು. ಆದರೆ ನಿರುದ್ಯೋಗ ಇಳಿದಾಗ ಕೂಲಿ ಏರುತ್ತದೆಂದು ತೋರಿಸಿದ 1958ರ ಫಿಲಿಪ್ಸ್ ರೇಖೆಯ ನಂತರ ಅದು ಹಣದುಬ್ಬರದ ಜೊತೆ ತೂಗಿ ನೋಡುವ ಶೇಕಡಾವಾರು ಆಗಿಹೋಯಿತು. 2010ರಲ್ಲಿ ನೊಬೆಲ್ ಪಡೆದ ಡೈಮಂಡ್, ಮಾರ್ಟೆನ್ಸನ್, ಪಿಸ್ಸಾರಿಡಿಸ್ ಅವರ ಕೆಲಸ ದೊಡ್ಡದು ನಿಜ. ಆದರೂ ಅದು ವಿವರಿಸುವುದು ಕೆಲಸ ಹುಡುಕುವವರನ್ನು. ಹುಡುಕುವುದನ್ನೇ ಬಿಟ್ಟವರ ಗತಿ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಅಂದಾಜಿನಲ್ಲಿ ಜಗತ್ತಿನ ನಿರುದ್ಯೋಗಿಗಳು 18.6 ಕೋಟಿ. ಕೆಲಸ ಬೇಕೆಂದಿದ್ದೂ ಸಿಗದವರೆಲ್ಲ ಸೇರಿದರೆ 40.2 ಕೋಟಿ. ಅರ್ಧಕ್ಕಿಂತ ಹೆಚ್ಚು ಜನ ನಿರುದ್ಯೋಗದ ಲೆಕ್ಕಕ್ಕೇ ಬರುವುದಿಲ್ಲ! ವಾರದಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೇ. ನಿರುದ್ಯೋಗ ಭತ್ಯೆ ಇಲ್ಲದ ಬಡ ದೇಶದಲ್ಲಿ ಖಾಲಿ ಕೂರಲು ಯಾರಿಂದಾಗುತ್ತದೆ? ತಳ್ಳುಗಾಡಿಯನ್ನೋ ಅಣ್ಣನ ಅಂಗಡಿಯನ್ನೋ ಹಿಡಿಯುತ್ತಾರೆ, ಅಂಕಿಅಂಶದಿಂದ ಮರೆಯಾಗುತ್ತಾರೆ. ಭಾರತದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ದೊಡ್ಡ ಉದ್ಯೋಗ ಸಮೀಕ್ಷೆ 2011-12ರಲ್ಲಿ ನಡೆದ ಮೇಲೆ, ಅದರ ಜಾಗಕ್ಕೆ ಹೊಸದು ಬಂದದ್ದು 2017-18ರಲ್ಲಿ. ನೋಟು ರದ್ದತಿ ನಡೆದದ್ದು ಈ ಎರಡರ ನಡುವೆ; ಆ ಹೊತ್ತಿನ ಉದ್ಯೋಗದ ಸ್ಥಿತಿ ಎರಡರಲ್ಲೂ ದಾಖಲಾಗಲಿಲ್ಲ.

2020ರಲ್ಲಿ, ಮರಿಯೆಂತಾಲನ್ನು ಒಳಗೊಂಡ ಗ್ರಾಮಾಟ್‌ನಾಯ್ಸೀಡಲ್‌ನಲ್ಲಿ ಸರ್ಕಾರಿ ಉದ್ಯೋಗ ಸಂಸ್ಥೆ, ವರ್ಷಕ್ಕೂ ಮೇಲ್ಪಟ್ಟು ಕೆಲಸವಿಲ್ಲದವರಿಗೆಲ್ಲ ಸಂಬಳದ ಕೆಲಸದ ಭರವಸೆ ಕೊಟ್ಟಿತು. ಅಳೆಯಲು ಈ ಸಲ ಬಂದವರು ಅರ್ಥಶಾಸ್ತ್ರಜ್ಞರು: ಮ್ಯಾಕ್ಸಿಮಿಲಿಯನ್ ಕಾಸಿ, ಲೂಕಾಸ್ ಲೇನರ್. ವರಮಾನದ ಜೊತೆಗೆ ಜನರ ನೆಮ್ಮದಿಯನ್ನೂ ದಿನಚರಿಯನ್ನೂ ಅವರು ಕೇಳಿ ಬರೆದುಕೊಂಡರು; ಮೂರೂ ಸುಧಾರಿಸಿದ್ದವು.