ಕುಸ್ವಾರ್ ತಟ್ಟೆಯ ಜೊತೆಗೆ ಅರ್ಧ ಗಂಟೆ: ಕ್ರಿಸ್‌ಮಸ್ ಮತ್ತು ಒಂಟಿ ಹಿರಿಯರು

ಮಂಗಳೂರು: ಡಿಸೆಂಬರ್ ನಡು ಭಾಗಕ್ಕೆ ಕರಾವಳಿಯ ಕ್ರೈಸ್ತ ಮನೆಗಳ ಮುಂದೆ ನಕ್ಷತ್ರದ ಗೂಡುದೀಪಗಳು ತೂಗತೊಡಗುತ್ತವೆ. ಮೂಲೆಯಲ್ಲಿ ಗೋದಲಿ ಸಿದ್ಧವಾಗುತ್ತದೆ, ಅಡುಗೆಮನೆಯಲ್ಲಿ ಎಣ್ಣೆಯ ಬಾಣಲೆ ಕಾಯುತ್ತದೆ. ಇದೇ ಸಾಲಿನಲ್ಲಿ ನಕ್ಷತ್ರ ಕಾಣದ ಮನೆಗಳೂ ಇವೆ. ಅಲ್ಲಿ ಭಕ್ತಿಗೆ ಕೊರತೆ ಇಲ್ಲ, ಏಣಿ ಹತ್ತಿ ನಕ್ಷತ್ರ ಕಟ್ಟಲು ಜನರಿಲ್ಲ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಕೆನಡಾದಲ್ಲೋ ನೆಲೆಸಿದ್ದಾರೆ. ಮನೆಯಲ್ಲಿ ಉಳಿದಿರುವುದು ವಯಸ್ಸಾದ ತಾಯಿ ಅಥವಾ ತಂದೆ ಮಾತ್ರ.

ಮಕ್ಕಳು ಮರೆತಿದ್ದಾರೆ ಎಂದು ಸುಲಭವಾಗಿ ತೀರ್ಪು ನೀಡುವಂತಿಲ್ಲ. ಕುವೈತ್, ಸೌದಿ ಅರೇಬಿಯಾ ಮೊದಲಾದ ದೇಶಗಳಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜಾದಿನವಲ್ಲ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಕೆಲಸ ಮುಗಿಸಿ ಮಗ ಕರೆ ಮಾಡುವ ವೇಳೆಗೆ ಇಲ್ಲಿ ತಾಯಿ ಮಲಗಿರುತ್ತಾಳೆ. ಮಂಗಳೂರಿನಲ್ಲಿ ಹಬ್ಬದ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಟೊರಾಂಟೊದಲ್ಲಿ ನಡುರಾತ್ರಿ ಕಳೆದು ಒಂದೂವರೆ ಗಂಟೆ. ವಿಡಿಯೊ ಕರೆಯಲ್ಲಿ ಮೊಮ್ಮಕ್ಕಳ ಮುಖ ಕಾಣುತ್ತದೆ, ನಿಜ. ಆದರೆ ಕಿವಿ ಮಂದವಾದವರಿಗೆ ಆ ಮಾತು ಅರ್ಧವೂ ತಿಳಿಯುವುದಿಲ್ಲ. ಕರೆ ಕಡಿದ ಮೇಲೆ ಮನೆ ಇನ್ನಷ್ಟು ನಿಶ್ಶಬ್ದವೆನಿಸುತ್ತದೆ.

ಒಬ್ಬರೇ ವಾಸಿಸುವುದೂ ಒಂಟಿತನವೂ ಒಂದೇ ಅಲ್ಲ. ಒಬ್ಬರೇ ಇದ್ದು ತೃಪ್ತರಾಗಿರುವ ಹಿರಿಯರಿದ್ದಾರೆ. ತುಂಬಿದ ಮನೆಯಲ್ಲಿ ಮಾತನಾಡಿಸುವವರಿಲ್ಲದೆ ಕೊರಗುವವರೂ ಇದ್ದಾರೆ. ಬೇಕಾದ ಸಂಬಂಧಕ್ಕೂ ದೊರೆತಿರುವ ಸಂಬಂಧಕ್ಕೂ ನಡುವಿನ ಅಂತರವೇ ಒಂಟಿತನ. ಹಬ್ಬದ ದಿನಗಳಲ್ಲಿ ಆ ಅಂತರ ಎದ್ದು ಕಾಣುತ್ತದೆ. ನೆರೆಮನೆಯ ನಗು ಗೋಡೆ ದಾಟಿ ಬರುತ್ತದೆ. ತೀರಿಹೋದ ಸಂಗಾತಿ ಕುಳಿತುಕೊಳ್ಳುತ್ತಿದ್ದ ಕುರ್ಚಿ ಕಣ್ಣಿಗೆ ಬೀಳುತ್ತದೆ.

ಇದನ್ನು ಬರಿಯ ಮನಸ್ಸಿನ ನೋವು ಎಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಮಂದಿಯಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ, ವರ್ಷಕ್ಕೆ 8.71 ಲಕ್ಷಕ್ಕೂ ಹೆಚ್ಚು ಸಾವುಗಳೊಂದಿಗೆ ಅದಕ್ಕೆ ನಂಟಿದೆ. ಹೃದ್ರೋಗ, ಪಾರ್ಶ್ವವಾಯು, ನೆನಪಿನ ಶಕ್ತಿ ಕುಂದುವಿಕೆ ಇವುಗಳ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ಭಾರತದಲ್ಲಿ 60 ದಾಟಿದವರ ಸಂಖ್ಯೆ 2011ರ ಜನಗಣತಿಯಲ್ಲೇ ಹತ್ತು ಕೋಟಿ ಮೀರಿತ್ತು.

ನೆರವಿನ ಏರ್ಪಾಡುಗಳು ಹಳೆಯವೇ. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ ಸದಸ್ಯರು ಬಡವರ, ರೋಗಿಗಳ ಮನೆಗೇ ಹೋಗುವುದನ್ನು ಮುಖ್ಯ ಕಾರ್ಯವಾಗಿ ಇರಿಸಿಕೊಂಡರು. ಫ್ರಾನ್ಸಿನ ಜೀನ್ ಜುಗಾನ್ 1839ರ ಚಳಿಗಾಲದಲ್ಲಿ ಕಣ್ಣು ಕಾಣದ ವೃದ್ಧೆಯೊಬ್ಬಳನ್ನು ತನ್ನ ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆ ಆರಂಭಿಸಿದ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸಂಸ್ಥೆಯ ವೃದ್ಧಾಶ್ರಮ ಬೆಂಗಳೂರಿನಲ್ಲಿಯೂ ಇದೆ. 2009ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಮಂಗಳೂರಿನ ಇಗರ್ಜಿಗಳಲ್ಲಿ ಪ್ರತಿ ವಾಳೆಗೂ ಗುರಿಕಾರರಿರುವುದರಿಂದ ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆಂಬುದು ಊರಿಗೆ ಗೊತ್ತಿರುತ್ತದೆ. ತಿಳಿದಿದ್ದೂ ಹೋಗಲು ಬಿಡುವಾಗುವುದಿಲ್ಲ, ಅದೇ ತೊಡಕು.

ಬಿಡುವು ಮಾಡಿಕೊಂಡು ಹೋಗುವವರೂ ಹೇಗೆ ಹೋಗುತ್ತಾರೆ ಎಂಬುದು ಯೋಚಿಸಬೇಕಾದ ವಿಷಯ. ಡಿಸೆಂಬರ್‌ನಲ್ಲಿ ವೃದ್ಧಾಶ್ರಮಗಳಿಗೆ ತಂಡಗಳು ಬರುತ್ತವೆ. ಕೇಕ್ ಕತ್ತರಿಸಿ, ಎರಡು ಹಾಡು ಹೇಳಿ, ಕಂಬಳಿ ಹಂಚುವ ಚಿತ್ರ ತೆಗೆಸಿಕೊಂಡು ಹೊರಡುತ್ತವೆ. (ಆ ಚಿತ್ರವನ್ನು ಪ್ರಕಟಿಸುವಲ್ಲಿ ಪತ್ರಿಕೆಗಳ ಪಾಲೂ ಇದೆ.) ಮಧುಮೇಹವಿರುವವರ ಮುಂದೆ ಒಂದೇ ವಾರದಲ್ಲಿ ಹಲವು ಬಾರಿ ಕೇಕ್ ಇಡುವುದು ಉಪಕಾರವಲ್ಲ. ಒಬ್ಬರ ಹೆಸರು ಕೇಳಿ, ಎದುರಿಗೆ ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಮಾತನಾಡಿ ಅರ್ಧ ಗಂಟೆ ಕಳೆಯುವುದು ಅದಕ್ಕಿಂತ ಮೇಲು.

ಕುಸ್ವಾರ್ ಹಂಚುವ ಪದ್ಧತಿ ಇದಕ್ಕೆ ಒಳ್ಳೆಯ ದಾರಿ. ಹಬ್ಬದ ತಿಂಡಿಗಳ ತಟ್ಟೆಯನ್ನು ಜಾತಿ, ಧರ್ಮ ನೋಡದೆ ನೆರೆಮನೆಗೆ ಕಳುಹಿಸುವುದು ಇಲ್ಲಿನ ರೂಢಿ. ಹಲ್ಲಿಲ್ಲದವರಿಗೆ ಗಟ್ಟಿಯಾದ ಗುಳಿಯೊ, ಚಕ್ಕುಲಿಗಿಂತ ಮೆತ್ತಗಿನ ಬಾಳೆಹಣ್ಣಿನ ಹಲ್ವ ಹಿತ. ತಿಂಡಿಯನ್ನು ಕೊಂಡೊಯ್ಯುವ ಬದಲು ಹಿಟ್ಟನ್ನೇ ಕೊಂಡೊಯ್ದರೆ ಇನ್ನೂ ಸೊಗಸು. ಕಿಡಿಯೊ ಮಾಡುವಾಗ ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಶುಚಿಯಾದ ಹಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಹಿಂದೆ ಮನೆಮಂದಿ, ನೆರೆಯವರು ಸುತ್ತ ಕುಳಿತು ಮಾಡುತ್ತಿದ್ದ ಕೆಲಸ ಅದು. ದಶಕಗಳ ಕಾಲ ಕಿಡಿಯೊ ಸುತ್ತಿದ ಕೈಗಳಿಗೆ ಆ ಕೆಲಸ ಮರೆತಿರುವುದಿಲ್ಲ. ಯಾವಾಗಲೂ ಪಡೆಯುವ ಸ್ಥಾನದಲ್ಲಿಯೇ ಕುಳ್ಳಿರಿಸಲ್ಪಟ್ಟ ವ್ಯಕ್ತಿ ಅಂದು ಕಲಿಸುವ ಸ್ಥಾನದಲ್ಲಿರುತ್ತಾರೆ. ‘ಅಜ್ಜಿ, ಪಾಕ ಎಷ್ಟು ಗಟ್ಟಿ ಇರಬೇಕು?’ ಎಂದು ಕೇಳುವ ಮಗುವಿಗೆ ಉತ್ತರ ಹೇಳುವುದರಲ್ಲಿ ಇರುವ ಗೌರವ ಕಂಬಳಿ ಸ್ವೀಕರಿಸುವುದರಲ್ಲಿ ಇಲ್ಲ.

24ರ ಸಂಜೆಯ ಬಲಿಪೂಜೆಗೆ ಹೋಗಲು ವಾಹನ, ಹಿಡಿದುಕೊಳ್ಳಲು ಒಂದು ತೋಳು, ವಾಪಸು ಬಂದ ಮೇಲೆ ಬಾಗಿಲು ತೆರೆದು ದೀಪ ಹಾಕಿಕೊಡುವವರು ಇಷ್ಟಿದ್ದರೆ ಎಷ್ಟೋ ಹಿರಿಯರು ಹೊರಡಬಲ್ಲರು. ಒಲ್ಲೆ ಎಂದವರನ್ನು ಒತ್ತಾಯಿಸಬಾರದು. ಆ ವರ್ಷವೇ ಸಂಗಾತಿಯನ್ನು ಕಳೆದುಕೊಂಡವರಿಗೆ ಸಂಭ್ರಮ ಬೇಡವಾಗಿರಬಹುದು. ಮನೆಯಲ್ಲಿ ಕಿರುಕುಳ, ನಿರ್ಲಕ್ಷ್ಯದ ಸುಳಿವು ಕಂಡರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಸಂಪ್ರದಾಯದಂತೆ ಕ್ರಿಸ್‌ಮಸ್ ಕಾಲ 25ಕ್ಕೆ ಮುಗಿಯುವುದಿಲ್ಲ, ಜನವರಿ 6ರ ಮೂವರು ರಾಜರ ಹಬ್ಬದವರೆಗೂ ಸಾಗುತ್ತದೆ. ಭೇಟಿಗಳು ಮಾತ್ರ 25ಕ್ಕೇ ನಿಲ್ಲುತ್ತವೆ. ರಜೆಗೆಂದು ಊರಿಗೆ ಬಂದ ಮಕ್ಕಳು ಹೊಸ ವರ್ಷದ ಹೊತ್ತಿಗೆ ವಿಮಾನ ಏರಿರುತ್ತಾರೆ. ಆದ್ದರಿಂದ ಕುಸ್ವಾರ್ ಕೊಟ್ಟ ತಟ್ಟೆಯನ್ನು ಅಂದೇ ತೊಳೆಸಿ ವಾಪಸು ತರುವ ಅವಸರ ಬೇಡ. ಅದು ಅಲ್ಲೇ ಇರಲಿ. ಜನವರಿಯ ಮೊದಲ ವಾರ ತಟ್ಟೆ ತರುವ ನೆಪದಲ್ಲಿ ಇನ್ನೊಮ್ಮೆ ಹೋಗಬಹುದು. ಖಾಲಿ ತಟ್ಟೆ ಹಿಂದಿರುಗಿಸಬಾರದೆಂಬುದು ಊರಿನ ಕಟ್ಟಳೆಯಾದ್ದರಿಂದ ಆ ಮನೆಯ ಹಿರಿಯರೂ ಅದರಲ್ಲಿಡಲು ಹಿತ್ತಿಲಿನಲ್ಲಿ ಏನಿದೆ ಎಂದು ಹುಡುಕುತ್ತಾ ಕಾಯುತ್ತಿರುತ್ತಾರೆ.