ಮಳೆ ಲೆಕ್ಕದ ಚೌಕ

ಹೆಸರುಕಾಯಿ ಬಿಡಿಸಿ ಕಣದಲ್ಲಿ ಹರವಿದ್ದೀರಿ. “ಇವತ್ತು ಗದಗ ಜಿಲ್ಲೆಯಲ್ಲಿ ಅಲ್ಲಲ್ಲಿ ಮಳೆ ಆಗಬಹುದು” ಎಂದು ರೇಡಿಯೋ ಹೇಳಿತು. ನರಗುಂದದಲ್ಲಿ ಜೋರು ಮಳೆ. ರೋಣದಲ್ಲಿ ಬರೀ ಮೋಡ. ಗಜೇಂದ್ರಗಡದಲ್ಲಿ ಬಿಸಿಲು. ಹೀಗೂ ಆಗುವುದುಂಟು. ಆಗ ನಾವು, “ಇವರು ಹೇಳೋದು ಖರೇ ಐತೇನ್ರಿ?” ಎಂದು ಕೇಳುತ್ತೇವೆ.

ಮಳೆಯ ಲೆಕ್ಕ ಹೇಗೆ ಹಾಕುತ್ತಾರೆ? ತಿಳಿಯೋಣ ಬನ್ನಿ.

ಕೌದಿ ನೋಡಿದ್ದೀರಲ್ಲ? ಬಟ್ಟೆಯ ತುಂಡು ಕೂಡಿಸಿ ಹೊಲಿದಿರುತ್ತಾರೆ. ಕಂಪ್ಯೂಟರ್ ಕೂಡ ಭೂಮಿಯನ್ನು ಹೀಗೆಯೇ ಚೌಕ ಚೌಕ ಮಾಡುತ್ತದೆ. ಒಂದು ಚೌಕಕ್ಕೆ ಒಂದೇ ಗಾಳಿ, ಒಂದೇ ಶಾಖ, ಒಂದೇ ಮಳೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕ ನೋಡಿ ಹವಾಮಾನ ಇಲಾಖೆ ಮುನ್ಸೂಚನೆ ಕೊಡುತ್ತದೆ.

1990ರ ದಶಕದಲ್ಲಿ ದೆಹಲಿಯ ಕಂಪ್ಯೂಟರಿನಲ್ಲಿ ಚೌಕದ ಒಂದು ಬದಿ ಸುಮಾರು 150 ಕಿಲೋಮೀಟರ್ ಇತ್ತು. ನರಗುಂದದಿಂದ ಗಜೇಂದ್ರಗಡಕ್ಕೆ ನೇರ ಅಳೆದರೆ ಸುಮಾರು 65 ಕಿಲೋಮೀಟರ್. ನಡುವೆ ರೋಣ. ಮೂರೂ ಊರು ಸೇರಿಬಿಡುವಷ್ಟು ದೊಡ್ಡ ಚೌಕ ಅದು! ನರಗುಂದದ ಗುಡ್ಡ, ಗಜೇಂದ್ರಗಡದ ಗುಡ್ಡ ಆ ಲೆಕ್ಕಕ್ಕೆ ಕಾಣುತ್ತಲೇ ಇರಲಿಲ್ಲ.

ಬರಬರುತ್ತ ಚೌಕ ಸಣ್ಣದಾಯಿತು. 12 ಕಿಲೋಮೀಟರಿಗೆ ಬಂತು. 2025ರ ಮೇ 26ರಂದು ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ಹೊಸ ಲೆಕ್ಕ ಶುರುವಾಯಿತು. ಪುಣೆಯ ವಿಜ್ಞಾನಿಗಳು ಇದನ್ನು ಮಾಡಿದರು. ಇದರ ಚೌಕ 6 ಕಿಲೋಮೀಟರ್.

“ಹಂಗಾದ್ರ ನಮ್ಮ ಹೊಲದಷ್ಟ ಸಣ್ಣ ಮಾಡ್ಲಿ” ಅಂತೀರಾ? ಅದು ಸುಲಭವಲ್ಲ. ಬದಿಯನ್ನು ಅರ್ಧ ಮಾಡಿದರೆ ಒಂದು ಚೌಕದ ಜಾಗದಲ್ಲಿ 4 ಚೌಕ ಆಗುತ್ತವೆ. ಸಣ್ಣ ಚೌಕವನ್ನು ಗಾಳಿ ಬೇಗ ದಾಟುತ್ತದೆ. ಅದಕ್ಕೆ ಒಂದು ಸಲದ ಲೆಕ್ಕವನ್ನು ಎರಡು ಸಲ ಮಾಡಬೇಕು. ಒಟ್ಟು 8 ಪಟ್ಟು ಕೆಲಸ. ನಾಳಿನ ಮಳೆ ಇವತ್ತೇ ತಿಳಿಯಬೇಕಲ್ಲ! ಇದಕ್ಕಾಗಿಯೇ ಪುಣೆಯಲ್ಲಿ ‘ಅರ್ಕ’ ಎಂಬ ಭಾರಿ ಕಂಪ್ಯೂಟರ್ ಇದೆ.

ಗುಡುಗಿನ ಮೋಡ 6 ಕಿಲೋಮೀಟರಿಗಿಂತ ಸಣ್ಣದೂ ಇರಬಹುದು. ಅದು ಚೌಕದೊಳಗೆ ಅಡಗಿಬಿಡುತ್ತದೆ. ಅಂಥ ಮೋಡಕ್ಕೆ ಕಂಪ್ಯೂಟರ್ ಅಂದಾಜು ಹಾಕುತ್ತದೆ. ‘ಅಲ್ಲಲ್ಲಿ ಮಳೆ’ ಎಂಬ ಮಾತಿನ ಗುಟ್ಟು ಇದೇ.

ಚೌಕ ಸಣ್ಣದಾದರೆ ಸಾಲದು, ಅಳತೆಯೂ ಸರಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಮಳೆ ಅಳೆಯುವ ಯಂತ್ರ ಇದ್ದರೆ ಕಾಪಾಡಿ. ಹೇಳಿದ ಮಳೆ ಬಂತೋ ಇಲ್ಲವೋ ಎಂದು ನೋಡಲು ಅದೇ ಆಧಾರ.

ಮುನ್ಸೂಚನೆ ಸುಳ್ಳಲ್ಲ. ಆದರೆ ಅದು ಚೌಕದ ಮಾತು, ನಿಮ್ಮೊಬ್ಬರ ಹೊಲದ ಮಾತಲ್ಲ. ಮಳೆ ಅಂದ ದಿನ ಕಣದ ಹತ್ತಿರ ತಾಡಪತ್ರಿ ಇರಲಿ. ಬಿಸಿಲು ಬಿದ್ದರೆ ನಷ್ಟವಿಲ್ಲ. ಮಳೆ ಬಂದರೆ ಹೆಸರು ತೊಯ್ದು ಮೊಳಕೆ ಒಡೆಯುವುದಿಲ್ಲ. ವರ್ಷದ ದುಡಿಮೆ ಉಳಿಯುತ್ತದೆ.